ಸಂಕ ತೆಗೆದ ಸುದ್ದಿ ಮ್ಯಾಪಿಗೂ ತಿಳಿಸಿ

ನಾವುಂದದ ಕುಸುಮಾವತಿಯ ಮನೆ ತೋಡಿನ, ಅಂದರೆ ಸಣ್ಣ ಹಳ್ಳದ, ಆಚೆ ದಡದಲ್ಲಿದೆ. ಬೇಸಿಗೆಯಲ್ಲಿ ಹಲಗೆಯ ಸಂಕ ಹಾಕಿ ದಾಟುತ್ತಾರೆ. ಮಳೆಗೆ ಮುಂಚೆ, ಹಲಗೆ ಕೊಚ್ಚಿಹೋಗದಿರಲೆಂದು ತೆಗೆದಿಡುತ್ತಾರೆ. ಆಮೇಲೆ ಭಜನಾ ಮಂದಿರದ ಬದಿಯ ಸುತ್ತು ದಾರಿಯೇ ಗತಿ. ಊರವರಿಗೆಲ್ಲ ಗೊತ್ತು. ಹೊಸಬರಿಗೆ?

ಒಂದು ಮಳೆಯ ಬೆಳಿಗ್ಗೆ ಸೊಸೆ ಧನ್ಯಶ್ರೀಗೆ ಮೈ ಸುಡುವ ಜ್ವರ. ಹೆತ್ತು ವಾರವೂ ಕಳೆದಿರಲಿಲ್ಲ. ಮಗ ರತೀಶ ಗಾಬರಿಯಲ್ಲಿ ನರ್ಸ್ ವಿಜೇತಾಗೆ ಫೋನ್ ಮಾಡಿ, ಮನೆಯ ಲೊಕೇಶನ್ ಕಳಿಸಿದ.

ವಿಜೇತಾ ಬ್ರಹ್ಮಾವರದವರು, ಈ ಊರಿಗೆ ಹೊಸಬರು. ಕೊಡೆ ಹಿಡಿದು ಮ್ಯಾಪ್ ನೋಡುತ್ತ ನಡೆದರು. ನೇರ ಹೋಗಿ ಎಂದಿತು ಮ್ಯಾಪ್. ಕಣ್ಣು ಮೊಬೈಲಿನಲ್ಲಿ, ಕಾಲು ತೋಡಿನ ಅಂಚಿನಲ್ಲಿ.

“ಹ್ವಾಯ್ ಸಿಸ್ಟರೇ, ಅಲ್ಲೇ ನಿಲ್ಲಿ!” ಆಚೆಯಿಂದ ಕುಸುಮಾವತಿ ಕೂಗಿದಳು.

ವಿಜೇತಾ ತಲೆ ಎತ್ತಿದರು. ಎದುರಿಗೆ ಬರೀ ಕೆಂಪು ನೀರು.

“ಭಜನಾ ಮಂದಿರದ್ ಬದಿಯಿಂದ ಬನ್ನಿ. ನಾ ಎದ್ರ್ ಬತ್ತೆ.”

ಎದುರಾದವಳು ಸುಮ್ಮನಿರಲಿಲ್ಲ. “ಆ ಮೊಬೈಲ್ ತೋಡಿಗ್ ಬಿಸಾಡಿ ಮರ್ರೆ! ದಾರಿ ಕೇಂಬುಕೆ ಬಾಯಿ ಇಲ್ಯಾ?”

“ಕೇಣ್ಕಿತ್ತ್ ಅಕ್ಕ, ದಾರಿ ಕೇಣ್ದೇ ಬಂದದ್ದ್ ನಂದೂ ತಪ್ಪೇ. ಮೊದ್ಲ್ ಬಾಣಂತಿನ ಕಾಂಬ.”

ಧನ್ಯಶ್ರೀಯನ್ನು ನೋಡಿದ ವಿಜೇತಾ, “ತಡ ಮಾಡೂಕಾಗ, ಈಗ್ಲೇ ಆಸ್ಪತ್ರೆಗ್ ಹೋಯ್ಕ್” ಎಂದು ಆಂಬುಲೆನ್ಸ್ ಕರೆದರು. ಈ ಸಲ ಮನೆಯದಲ್ಲ, ಭಜನಾ ಮಂದಿರದ ಲೊಕೇಶನ್ ಕಳಿಸಿದರು. ತೋಡಿನ ಬದಿಗೆ ಬರಬೇಡಿ ಎಂದು ಡ್ರೈವರಿಗೆ ಬಾಯಲ್ಲೂ ಹೇಳಿದರು. ಆಮೇಲೆ ಕೇಳಿದರು: “ಈ ಸಂಕ ಮ್ಯಾಪಂಗೆ ಹಾಕ್ದರ್ ಯಾರ್?”

ರತೀಶ ತಲೆ ಕೆರೆದುಕೊಂಡ. “ನಾನೇ, ಬೇಸ್ಗಿಯಂಗೆ.”

“ಹಲ್ಗಿ ತೆಗ್ದದ್ದ್ ಅದಕ್ಕೆ ಹೇಳಿದ್ರಾ?”

“ಇಲ್ಲೆ.”

“ಹಲ್ಗಿ ಕೊಟ್ಗಿ ಒಳ್ಗ್ ಇಟ್ಟ, ದಾರಿ ಹೊರ್ಗೇ ಬಿಟ್ಟ! ಇವ್ನ್ ಬುದ್ಧಿ ಕಾಣಿ!” ಎಂದಳು ತಾಯಿ.

ಆಂಬುಲೆನ್ಸ್ ಎಲ್ಲೂ ತಪ್ಪದೆ ಬಂತು. ಧನ್ಯಶ್ರೀಯನ್ನು ಕುರ್ಚಿಯಲ್ಲಿ ಕೂರಿಸಿ ಮಂದಿರದವರೆಗೆ ಹೊತ್ತರು. ಕುಂದಾಪುರದಲ್ಲಿ ಚಿಕಿತ್ಸೆ ಸಿಕ್ಕಿ ಜ್ವರ ಇಳಿಯಿತು.

ಸೊಸೆ ಮನೆಗೆ ಬಂದ ಸಂಜೆ ಕುಸುಮಾವತಿ ದೇವರಿಗೆ ಕೈಮುಗಿದಳು. “ಅಮ್ಮಾ ಮೂಕಾಂಬಿಕೆ, ಕೂಗುಕೆ ನಂಗೆ ಸ್ವರ ಕೊಟ್ಟೆ. ವಾಹನ ಬಪ್ಪುಕೆ ಆ ಮೊಬೈಲನ್ನೂ ಕೊಟ್ಟೆ. ಎರಡೂ ನಿಂದೇ.” ಮತ್ತೆ ಮಗನತ್ತ ತಿರುಗಿ, “ಹೋಯ್, ಮ್ಯಾಪ್ ಸಮ ಮಾಡಿಯೇ ಉಂಬುಕೆ ಬಾ” ಎಂದಳು. ರತೀಶ ಸಂಕದ ದಾರಿ ಮುಚ್ಚಿದೆ ಎಂದು ತಿಳಿಸಿ, ಮಂದಿರದ ದಾರಿ ಸೇರಿಸಿದ.

ತೋಡಿನಾಚೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸಂಕ ತೆಗೆದ ದಿನವೇ ಮ್ಯಾಪಿಗೂ ತಿಳಿಸಿ. ತಿದ್ದಿದ್ದು ಕಾಣಲು ಕೆಲವು ದಿನ ಹಿಡಿಯಬಹುದು. ಲೊಕೇಶನ್ ಕಳಿಸುವಾಗ ಮಳೆಗಾಲದ ದಾರಿಯನ್ನು ಬಾಯಲ್ಲೂ ಹೇಳಿ. ನಡೆಯುವವರೇ, ನೀರು ಕಂಡಲ್ಲಿ ಮೊಬೈಲ್ ಇಳಿಸಿ, ಊರವರನ್ನು ಕೇಳಿ. ನಮಗಾಗಿ ಮಳೆಯಲ್ಲಿ ನಡೆದು ಬರುವವರ ಋಣ ದೊಡ್ಡದು. ಅವರು ಕಾಲಿಡುವಲ್ಲಿ ನೆಲ ಇರುವಂತೆ ನೋಡಿಕೊಳ್ಳೋಣ.