ಪಂಚಾಂಗ ನೋಡಿ ಬರುವಷ್ಟರಲ್ಲಿ

ಚೆನ್ನೈನ ಪೋರೂರಿನಲ್ಲಿದ್ದ ವಿಷ್ಣುತೀರ್ಥರಿಗೆ ಆ ದಿನ ಕಂಪ್ಯೂಟರನ್ನು ಎತ್ತಿ ಕೆರೆಗೆ ಹಾಕಿಬಿಡುವಷ್ಟು ಸಿಟ್ಟು ಬಂದಿತ್ತು. ಬರದೆ ಇನ್ನೇನು? ಹೆಂಡತಿ ನೀರಜಮ್ಮನಿಗೆ ಎರಡೂ ಕಣ್ಣಲ್ಲಿ ಪೊರೆ. ಉಪ್ಪೆಂದು ಸಾರಿಗೆ ಸಕ್ಕರೆ ಹಾಕಿದ್ದಾಯಿತು, ಮೆಟ್ಟಿಲಲ್ಲಿ ಎಡವಿ ಮೊಣಕಾಲು ತರಚಿಕೊಂಡದ್ದೂ ಆಯಿತು. ಆಪರೇಷನ್ನಿಗೆ ದಿನ ಕೊಡಿ ಎಂದರೆ ಆಸ್ಪತ್ರೆಯವರು, "ಎರಡು ಸಾವಿರದ ಆರನೇ ಇಸವಿ ಸಾರ್ ಇದು, ಎಲ್ಲಾ ವೆಬ್‌ಸೈಟಲ್ಲೇ" ಎಂದು ಫೋನ್ ಇಟ್ಟುಬಿಟ್ಟರು.

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಊರಿನವರ ಅರ್ಜಿಯೆಲ್ಲ ತುಂಬಿಸಿದ ಮನುಷ್ಯನಿಗೆ ಇದೊಂದು ಅರ್ಜಿ ಯಾವ ಬ್ರಹ್ಮವಿದ್ಯೆ? ಹೆಸರು, ವಯಸ್ಸು, ಯಾವ ಕಣ್ಣು, ಎಲ್ಲ ತುಂಬಿದರು. ಕೊನೆಗೆ ದಿನ ಆರಿಸಿ ಒತ್ತಿದರೆ, "ಸಮಯ ಮೀರಿದೆ, ಮೊದಲಿನಿಂದ ತುಂಬಿ" ಎಂದು ಪುಟ ಬೋಳಾಯಿತು. ಒಂದು ಸಲವಲ್ಲ, ಮೂರು ವಾರದಲ್ಲಿ ನಾಲ್ಕು ಸಲ!

ಮಹಡಿಯ ಮೇಲೆ ಬಾಡಿಗೆಗಿದ್ದ ಮಾನಸ ಮಂಡ್ಯದ ಹುಡುಗಿ. ಆ ವೆಬ್‌ಸೈಟ್ ಮಾಡಿದ ಕಂಪನಿಯಲ್ಲೇ ಅವಳಿಗೆ ಕೆಲಸ. ಜನ ಪುಟವನ್ನು ಹೇಗೆ ಬಳಸುತ್ತಾರೆಂದು ನೋಡುವುದೇ ಅವಳ ಉದ್ಯೋಗ. ವಿಷ್ಣುತೀರ್ಥರ ಗೊಣಗಾಟ ಕೇಳಿ ಕೆಳಗೆ ಇಳಿದು ಬಂದಳು.

"ಅಂಕಲ್, ಅಭಿಪ್ರಾಯ ಕೇಳಿದ ಕಡೆ ಏನು ಒತ್ತಿದ್ರಿ?"

"ಎಕ್ಸಲೆಂಟ್ ಅಂತ."

"ನಾಕು ಸಲ ಅಳಿಸಿ ಹೋದ್ಮೇಲೂನಾ?"

"ಮತ್ತೆ? ಯಾರೋ ಪಾಪ, ಕಷ್ಟಪಟ್ಟು ಮಾಡಿರ್ತಾರೆ. ಮುಖಕ್ಕೆ ಹೊಡೆದ ಹಾಗೆ ಹೇಳೋದಾ? ತಪ್ಪು ನಂದೇ ಇರಬೇಕು, ವಯಸ್ಸಾಯ್ತು."

ಮಾನಸ ಹಣೆ ಚಚ್ಚಿಕೊಂಡಳು. "ಎಲ್ರೂ ಹಿಂಗೇ ಮಾಡ್ತಾರೆ ಅಂಕಲ್! ಅಭಿಪ್ರಾಯ ಕೊಟ್ಟೋರೆಲ್ಲ ಎಕ್ಸಲೆಂಟ್ ಅಂತಾರೆ. ದಾಖಲೆ ನೋಡಿದ್ರೆ ನೂರಕ್ಕೆ ಅರವತ್ತು ಜನ ದಿನ ಆರಿಸೋ ಜಾಗದಲ್ಲಿ ನಿಂತೋಗಿದ್ದಾರೆ. ಹತ್ತು ನಿಮಿಷ ಮೌಸ್ ಅಲ್ಲಾಡಲ್ಲ. ನಮ್ಮಾಫೀಸಿನ ಮೋಹನ್, ಕಾಫಿ ಕುಡಿಯಕ್ಕೆ ಹೋಗಿರ್ತಾರೆ ಅಂತಾನೆ. ಅರವತ್ತು ಜನಕ್ಕೂ ಅದೇ ಜಾಗದಲ್ಲಿ ಕಾಫಿ ನೆನಪಾಗುತ್ತಾ?"

ವಿಷ್ಣುತೀರ್ಥರ ಕಿವಿ ನೆಟ್ಟಗಾಯಿತು. "ದಾಖಲೆನಾ? ನಾವು ಏನೇನು ಮಾಡ್ತೀವಿ ಅಂತ ಬರ್ಕೋತೀರಾ? ಎನ್ನಮ್ಮಾ ಇದು, ಸಿಐಡಿ ವೇಲೆ, ಪತ್ತೇದಾರಿ ಕೆಲಸ ಮಾಡ್ತಿದೀರಾ?"

"ಹೆಸರು, ಕಾಯಿಲೆ, ಪಾಸ್‌ವರ್ಡ್ ಯಾವುದನ್ನೂ ನೋಡಲ್ಲ. ಎಲ್ಲಿ ಒತ್ತಿದ್ರು, ಎಲ್ಲಿ ನಿಂತ್ರು, ಎಲ್ಲಿ ಬಿಟ್ಟು ಹೋದ್ರು, ಅಷ್ಟೇ. ಪುಟದ ಮೇಲ್ಗಡೇನೇ ಕೇಳಿದೀವಿ, ಬೇಡ ಅಂದ್ರೆ ಬೇಡ ಅಂತ ಒತ್ತಬಹುದು. ಆದ್ರೆ ಯಾಕೆ ನಿಂತ್ರು ಅಂತ ದಾಖಲೆ ಹೇಳಲ್ಲ. ಅದಕ್ಕೆ ಪಕ್ಕದಲ್ಲಿ ಕೂತು ನೋಡ್ಬೇಕು. ನೋಡ್ಲಾ ಅಂಕಲ್?"

"ನಾನು ತಡವರಿಸೋದನ್ನ ನೋಡಿ ನಗೋದಕ್ಕಾ? ವೇಂಡಾಮ್ಮ, ಬೇಡ."

ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ನೀರಜಮ್ಮ ಬಂದರು. ಅವರಿಗೂ ರೇಗಿತ್ತು.

"ಊಟಕ್ಕೆ ಬಂದವರನ್ನ ಹೇಗಿತ್ತು ಅಂತ ಕೇಳಿದ್ರೆ ಯಾರಾದ್ರೂ ಚೆನ್ನಾಗಿರಲಿಲ್ಲ ಅಂದಿದಾರಾ? ಎಲೆ ನೋಡಿದ್ರೆ ತಾನೇ ಗೊತ್ತಾಗೋದು! ಈಗ ನನಗೆ ಎಲೇನೂ ಕಾಣಿಸ್ತಿಲ್ಲ. ನಿಮ್ಮ ಮರ್ಯಾದೆ ಕಟ್ಕೊಂಡು ನಾನಿನ್ನೆಷ್ಟು ದಿನ ಗೋಡೆ ತಡವಲಿ? ಸುಮ್ನೆ ಕೂತ್ಕೊಳ್ಳಿ."

ಆ ಮಾತು ನಾಟಿತು. ವಿಷ್ಣುತೀರ್ಥರು ಕೂತರು. ಮಾನಸ ಪಕ್ಕದಲ್ಲಿ ಬಾಯಿ ಬಿಡದೆ ಕುಳಿತಳು.

ಅರ್ಜಿ ಸರಸರ ತುಂಬಿತು. ಖಾಲಿ ಇರುವ ದಿನಗಳು ಪರದೆಯ ಮೇಲೆ ಬಂದವು. ವಿಷ್ಣುತೀರ್ಥರು "ಒಂದ್ನಿಮಿಷ" ಎಂದು ಎದ್ದರು. ಮೊಳೆಗೆ ತೂಗುಹಾಕಿದ್ದ ಪಂಚಾಂಗ ತೆಗೆದರು. ಅಷ್ಟಮಿ ಬಿಟ್ಟರು, ನವಮಿ ಬಿಟ್ಟರು, ರಾಹುಕಾಲ ನೋಡಿದರು. ಮಾಧವರಂನಲ್ಲಿದ್ದ ಭಾವಮೈದುನ ಶಂಕರನಾರಾಯಣನಿಗೆ ಫೋನ್ ಮಾಡಿ, ಬುಧವಾರ ದಶಮಿ ಆಗಬಹುದಾ, ಜೊತೆಗೆ ಬರುತ್ತೀಯಾ ಎಂದು ವಿಚಾರಿಸಿದರು. ಹನ್ನೆರಡು ನಿಮಿಷ ಕಳೆದು ಬಂದು ಬುಧವಾರದ ಮೇಲೆ ಒತ್ತಿದರೆ, ಪುಟ ಮತ್ತೆ ಬೋಳು.

ಮಾನಸ ನಗಲಿಲ್ಲ. "ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಐದು ನಿಮಿಷಕ್ಕೆ ಅಳಿಸು ಅಂತ ಇಟ್ಟೋರು ನಾವೇ. ಆಫೀಸಲ್ಲಿ ನಾವೇ ತುಂಬಿ ನೋಡಿದ್ವಿ, ಎರಡೇ ನಿಮಿಷದಲ್ಲಿ ಮುಗೀತು. ಕಣ್ಣಿನ ಆಪರೇಷನ್ನಿಗೆ ಯಾರಾದ್ರೂ ಪಂಚಾಂಗ ನೋಡ್ದೆ ದಿನ ಹಿಡೀತಾರಾ? ನಮ್ಮವ್ವನೇ ಹಿಡಿಯಲ್ಲ!"

"ಹಾಗಾದ್ರೆ ತಪ್ಪು ನಂದಲ್ವಾ?"

"ಅಲ್ವೇ ಅಲ್ಲ."

ವಿಷ್ಣುತೀರ್ಥರಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಈ ಸಲ ಸಿಟ್ಟು ತಮ್ಮ ಮೇಲೆಯೇ. "ಮೊದಲನೇ ಸಲಾನೇ ಹೇಳಿದ್ರೆ ಇವಳು ಮೆಟ್ಟಿಲಲ್ಲಿ ಬೀಳ್ತಿರಲಿಲ್ಲ" ಎಂದರು.

ಆ ವಾರವೇ ಪುಟ ಬದಲಾಯಿತು. ಖಾಲಿ ದಿನಗಳ ಪಟ್ಟಿಯನ್ನು ಮೊದಲೇ ತೋರಿಸಿದರು, ಗಡುವನ್ನು ಒಂದು ಗಂಟೆಗೆ ಏರಿಸಿದರು. ವಿಷ್ಣುತೀರ್ಥರು ನಿಧಾನವಾಗಿ ಪಂಚಾಂಗ ನೋಡಿ ಬಂದರೂ ಬರೆದದ್ದು ಬರೆದಂತೆಯೇ ಇತ್ತು. ನೀರಜಮ್ಮನ ಬಲಗಣ್ಣಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಮುಂದಿನ ದ್ವಾದಶಿಯ ಊಟವಾದ ಮೇಲೆ ನೀರಜಮ್ಮ ಗಂಡನ ಎಲೆಯನ್ನು ಬಗ್ಗಿ ನೋಡಿದರು. "ಏನ್ರೀ ಇದು? ಅಗಸೆ ಸೊಪ್ಪಿನ ಪಲ್ಯ ಎಲೆ ಅಡಿಗೆ ಹೋಗಿದೆ?"

"ಬಹಳ ಚೆನ್ನಾಗಿತ್ತು" ಎಂದು ವಿಷ್ಣುತೀರ್ಥರ ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡರು. "ಇಲ್ಲ ಕಣೇ. ಕಹಿ."

"ಅಯ್ಯೋ, ಹೇಳಬಾರದಾ? ಕಾಯಿ ಜಾಸ್ತಿ ಹಾಕ್ತಿದ್ದೆ!"

ನೀವೂ ಹೇಳಿ. ಯಾವುದಾದರೂ ವೆಬ್‌ಸೈಟ್ ನಿಮ್ಮನ್ನು ಸತಾಯಿಸಿದರೆ "ಎಕ್ಸಲೆಂಟ್" ಎಂದು ಒತ್ತಿ ಎದ್ದು ಹೋಗಬೇಡಿ. ನೀವು ಬಳಸುವುದನ್ನು ನೋಡುತ್ತೇವೆ ಎಂದರೆ, ಏನೇನು ನೋಡುತ್ತೀರಿ ಎಂದು ಮೊದಲು ಕೇಳಿ. ಪಾಸ್‌ವರ್ಡ್ ಕೇಳಿದವರಿಗೆ ಬಾಗಿಲು ತೋರಿಸಿ. ನೀವು ಎಲ್ಲಿ ತಡವರಿಸುತ್ತೀರಿ ಎಂಬುದನ್ನು ಮಾತ್ರ ನಾಚದೆ ತೋರಿಸಿ. ಪುಟ ಮಾಡುವ ಮಕ್ಕಳೇ, ನೀವೇ ತುಂಬಿ ನೀವೇ ಬೆನ್ನು ತಟ್ಟಿಕೊಳ್ಳಬೇಡಿ, ಜನರ ಪಕ್ಕ ಕೂತು ನೋಡಿ. ನಾವು ಮರ್ಯಾದೆಗೆಂದು ಬಾಯಿ ಮುಚ್ಚಿಕೊಂಡಷ್ಟು ದಿನವೂ ಯಾವುದೋ ಮನೆಯಲ್ಲಿ ಒಬ್ಬ ನೀರಜಮ್ಮ ಗೋಡೆ ತಡವುತ್ತಿರುತ್ತಾರೆ.