ಯಾರೂ ಕೇಳದಿದ್ದರೆ

ನಿಲ್ಲಿಸಿಬಿಟ್ಟಳು. ಒಂಬತ್ತು ವರ್ಷ ನಡೆದದ್ದು ನಿಲ್ಲುವುದಕ್ಕೆ ಎರಡು ಸೆಕೆಂಡೂ ಹಿಡಿಯಲಿಲ್ಲ.

ಕಂಪನಿಯ ಅಪ್ಲಿಕೇಶನ್‌ಗಳೆಲ್ಲ ಓಡುತ್ತಿದ್ದ ಕಂಟೈನರ್ ವೇದಿಕೆ ಎಂಬ ಸಾಫ್ಟ್‌ವೇರಿನ ಮೂರನೇ ಆವೃತ್ತಿ ಇವತ್ತಿಗೆ ಮುಗಿಯುತ್ತಿತ್ತು. ನಾಲ್ಕನೆಯದಕ್ಕೆ ನೂರಾ ಆರು ಅಪ್ಲಿಕೇಶನ್‌ಗಳನ್ನು ಅವಳೇ ಒಂದೊಂದಾಗಿ ಸಾಗಿಸಿದ್ದಳು. ಬೇಕೋ ಬೇಡವೋ ಗೊತ್ತಾಗದವುಗಳಿಗೆ ಒಂದು ಪದ್ಧತಿ ಮಾಡಿದ್ದಳು: ನಿಲ್ಲಿಸಿ ಕಾಯುವುದು. ಯಾರಾದರೂ ಅವಳ ಮೇಜಿನ ಫೋನಿಗೆ ಕರೆಮಾಡಿ ಬೈದರೆ ಅದಕ್ಕೆ ಹೊಸದರಲ್ಲಿ ಜಾಗ. ಇಲ್ಲದಿದ್ದರೆ ಅಳಿಸುವುದು. ಹೀಗೆ ಮೂವತ್ತನ್ನು ಅಳಿಸಿದ್ದಳು. ಒಂದಕ್ಕೂ ಅಳುಕಿರಲಿಲ್ಲ.

ಉಳಿದದ್ದು ಇದೊಂದೇ. ಕೆಲಸಕ್ಕೆ ಸೇರಿದ ವರ್ಷ ಅವಳೇ ಬರೆದದ್ದು. ಈ ಹೊತ್ತು ಕಟ್ಟಡದಲ್ಲಿ ಯಾರು ಯಾರಿದ್ದಾರೆಂದು ಮುಂಬಾಗಿಲ ಬಳಿಯ ಪರದೆಯ ಮೇಲೆ ಹೆಸರು ತೋರಿಸುತ್ತಿತ್ತು.

"ನಾಲ್ಕರವರೆಗೆ ಕಾಯೋಣ," ಎಂದ ಮ್ಯಾನೇಜರ್. ಅವಳಿಗಿಂತ ಹತ್ತು ವರ್ಷ ಕಿರಿಯ. "ನಿಮ್ಮ ಕೂಸು ಅಂತ ಕರುಣೆ ತೋರಿಸ್ಬೇಡಿ ಮೇಡಂ."

"ಇಲ್ಲ."

"ಮನೆಯವರ ಕೈಲಿ ಫೋನ್ ಮಾಡಿಸ್ಬೇಡಿ ಮತ್ತೆ."

ನಕ್ಕಳು. ಆ ಯೋಚನೆ ಬೆಳಿಗ್ಗೆಯೇ ಬಂದು ಹೋಗಿತ್ತು. ಆದರೆ ಗಂಡನಿಗೆ, ತಾನು ಏನು ಕೆಲಸ ಮಾಡುತ್ತೇನೆ ಎಂಬಲ್ಲಿಂದ ಶುರುಮಾಡಬೇಕಾಗುತ್ತಿತ್ತು.

ಎರಡು ಗಂಟೆ. ಮೂರು. ಫೋನನ್ನು ಒಮ್ಮೆ ಎತ್ತಿ, ಒಳಗೆ ಸದ್ದಿದೆಯೇ ಎಂದು ಕೇಳಿ ಇಟ್ಟಳು.

ಮೂರೂವರೆಗೆ ಬ್ಯಾಗಿನೊಳಗಿನ ಮೊಬೈಲ್ ಹೊಡೆದುಕೊಂಡಿತು. ಮಗಳು.

"ಅಮ್ಮಾ, ಕತ್ತರಿ ಎಲ್ಲಿ?"

"ಟಿವಿ ಕೆಳಗಿನ ಡ್ರಾಯರಲ್ಲಿ. ಊಟ ಆಯ್ತಾ?"

"ಹಾಂ, ಸಿಕ್ತು."

ಇನ್ನೊಂದು ಮಾತು ಹೊರಡುವಷ್ಟರಲ್ಲಿ ಕಟ್ಟಾಗಿತ್ತು.

ನಾಲ್ಕಕ್ಕೆ ಮ್ಯಾನೇಜರ್ ಕುರ್ಚಿ ತಿರುಗಿಸಿದ. "ಯಾರಾದ್ರೂ?"

"ಇಲ್ಲ."

"ನಾನೂ ಎರಡು ಸಲ ಆ ಬಾಗಿಲಲ್ಲೇ ಓಡಾಡಿದೆ. ಆಫ್ ಆಗಿದೆ ಅಂತ ಗೊತ್ತೇ ಆಗ್ಲಿಲ್ಲ ನೋಡಿ." ಅವಳ ಕೆಲಸವನ್ನು ಮೆಚ್ಚುವವನಂತೆ ಹೇಳಿದ. "ಹೇಳೋರಿಲ್ಲ ಕೇಳೋರಿಲ್ಲ. ತೆಗೆದುಬಿಡಿ."

ಖಂಡಿತವಾಗಿಯೂ ಅಳಿಸಬೇಕೆ ಎಂದು ಯಂತ್ರ ಕೇಳಿತು. ಇಡೀ ದಿನದಲ್ಲಿ ಅವಳನ್ನು ಏನು ಬೇಕೆಂದು ಕೇಳಿದ್ದು ಅದೊಂದೇ. ಹೌದು ಎಂದು ಒತ್ತಿದಳು.

ಹೊರಡುವಾಗ ಮುಂಬಾಗಿಲ ಬಳಿ ನಿಂತು, ತನ್ನ ಹೆಸರು ಬರುತ್ತಿದ್ದ ಸಾಲು ಯಾವ ಎತ್ತರದಲ್ಲಿತ್ತೆಂದು ಆರಿದ ಪರದೆಯ ಕಪ್ಪು ಗಾಜಿನಲ್ಲಿ ಹುಡುಕಿದಳು. ಅದರಲ್ಲಿ ಕಾಣುವ ತನ್ನ ಗದ್ದದ ಹತ್ತಿರ ಇರಬೇಕು.

"ಸ್ವಲ್ಪ ಸರೀತೀರಾ ಮೇಡಂ?"

ಹೊಸದಾಗಿ ಸೇರಿದ ಹುಡುಗಿ, ಕೈಯಲ್ಲಿ ಬಾಚಣಿಗೆ. "ಇಲ್ಲೊಂದು ಕನ್ನಡಿ ಇರೋದು ನಾನು ನೋಡೇ ಇರ್ಲಿಲ್ಲ."

ಅವಳು ಸರಿದಳು. ಒಂದು ಹೆಜ್ಜೆ ಸಾಕಿತ್ತು. ಗಾಜಿನಲ್ಲಿ ಈಗ ಬೈತಲೆ ಸರಿಮಾಡಿಕೊಳ್ಳುತ್ತಿರುವ ಹುಡುಗಿಯೊಬ್ಬಳೇ ಇದ್ದಳು.