ಇಪ್ಪತ್ತಮೂರು ಇಂಚು

ನಿಂಬೆಹಣ್ಣು ಮುಂದಿನ ಎಡಚಕ್ರದ ಅಡಿಯಿಂದ ಜಾರಿ ಉರುಳುತ್ತಿದೆ, ಕಾರು ಮಾರುವ ಗಣೇಶ್ ಅದನ್ನು ಬೂಟುಗಾಲಲ್ಲಿ ತಡೆದ, ಕಾಲಲ್ಲಿ ಮುಟ್ಟಬೇಡಪ್ಪ ಅಂದರು ಅತ್ತೆ, ಅವನು ನಾಲಗೆ ಕಚ್ಚಿಕೊಂಡು ಬಗ್ಗಿ ಮತ್ತೆ ಚಕ್ರಕ್ಕೆ ಒತ್ತಿಟ್ಟ, ಹಳದಿ ಹಣ್ಣು, ಕಪ್ಪು ಚಕ್ರ, ಬಿಳಿ ಕಾರು, ಸೇವಂತಿಗೆ ಹಾರ, ಎಲ್ಲ ಸರಿಯಾಗಿದೆ, ಇನ್ನು ಕಾಯಿ ಒಂದು ಒಡೆದರೆ ಆಯಿತು, ಕಾಯಿ ಮಾವನ ಕೈಯಲ್ಲಿದೆ, ಕೈ ಮೇಲಕ್ಕೆದ್ದಿದೆ, ಇಳಿಯುತ್ತಿಲ್ಲ – ಯಾಕೆ ಇಳಿಯುತ್ತಿಲ್ಲ, ಏನು ನೋಡುತ್ತಿದ್ದಾರೆ, ಕಾರಿನ ಹಿಂಭಾಗವನ್ನೇ ನೋಡುತ್ತಿದ್ದಾರೆ, ಹಿಂದೆ ನೋಡಬೇಡಿ ಮಾವ, ಮುಂದೆ ನೋಡಿ, ಮುಂದೆ ಮೊಮ್ಮಗು ಬರುತ್ತಿದೆ. ನಾನೇ ಒಡೆಯಬಹುದಿತ್ತು, ನನ್ನ ಕೈಗೇನು ಧಾಡಿ, ಆದರೆ ಹೆಂಡತಿ ಬಸುರಿಯಾಗಿರುವಾಗ ಗಂಡ ಕಾಯಿ ಒಡೆಯುವ ಹಾಗಿಲ್ಲ, ಅತ್ತೆ ಪ್ರೇಮಮ್ಮನವರ ಕಾನೂನು, ಇದು ಯಾವ ಪುಸ್ತಕದಲ್ಲಿದೆ ಎಂದು ಪಿಯು ಹುಡುಗರಿಗೆ ಕಾಮರ್ಸ್ ಹೇಳಿಕೊಡುವ ಮೇಷ್ಟರ ಗತ್ತಿನಲ್ಲಿ ಕೇಳಿದ್ದಕ್ಕೆ ಲಿಖಿತಾ ಹೊಟ್ಟೆಯ ಮೇಲೆ ಕೈಯಿಟ್ಟು, ಇದೇ ಪುಸ್ತಕ, ಏಳು ತಿಂಗಳಾಯ್ತು, ಓದ್ಕೊಳ್ಳಿ ಅಂದಳು. ಅಷ್ಟೇ ಅಲ್ಲ, ಅಪ್ಪ ಕಾಯಿ ಒಡೆದ್ರೆ ಆ ಕಾರಲ್ಲಿ ಕೂರ್ತೀನಿ, ಒಡೀದಿದ್ರೆ ನಂಗೆ ಬಸ್ಸೇ ಸಾಕು ಅಂದಳು. ಬಸ್ಸು. ಆ ಒಂದು ಶಬ್ದ ಕೇಳಿದರೆ ನನ್ನ ಬೆನ್ನಿನಲ್ಲಿ ಹಂಪು ಹಾರಿದಂತಾಗುತ್ತದೆ. ಭಾನುವಾರ ಸೀಮಂತ, ಅದೇ ಸಂಜೆ ಅವಳು ಭದ್ರಾವತಿಗೆ, ಕಾಗದನಗರದ ತವರಿಗೆ ಹೊರಡುತ್ತಾಳೆ, ಡಾಕ್ಟರು ಮಾತ್ರ ಇಲ್ಲೇ ದುರ್ಗಿಗುಡಿಯಲ್ಲಿ, ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಯಾವ ಗಳಿಗೆಯಲ್ಲೋ.

ಹೋದ ಗುರುವಾರ ಭದ್ರಾವತಿಯಿಂದ ಬರುವಾಗ, ಸೀಟು ಸಿಕ್ಕಿರಲಿಲ್ಲ, ಯಾರೋ ಎದ್ದು ಕೊಡುವಷ್ಟರಲ್ಲಿ ಹಂಪು ಬಂತು, ಬಸ್ಸು ಎಗರಿತು, ಅವಳ ಒಂದು ಕೈ ಮೇಲಿನ ಸರಳಿಗೆ, ಇನ್ನೊಂದು ಹೊಟ್ಟೆಗೆ, ನಾನು ಎಂದಿನ ಚಾಳಿಯಂತೆ ಕಂಡಕ್ಟರನ ದನಿ ತೆಗೆದು ಒಂದೂವರೆ ಟಿಕೆಟ್ ತಗೊಳ್ರಮ್ಮ ಅಂದೆ, ಹಿಂದಿನ ಸೀಟಿನವರು ನಕ್ಕರು, ಅವಳು ನಗಲಿಲ್ಲ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ದನಿಗೆ ಅವಳು ನಗಲಿಲ್ಲ. ಇಳಿದ ಮೇಲೆ ಒಂದೇ ಮಾತು, ರೂಪೇಶ್, ನಂಗೆ ಹೆದರಿಕೆ ಆಯ್ತು. ಮಾರನೆಯ ದಿನವೇ ಕಾರಿನ ಬೇಟೆ. ಗಣೇಶ್ ತೋರಿಸಿದ ಮೊದಲನೆಯದು ಉದ್ದ ಮೂಗಿನ, ಹಿಂದೆ ಡಿಕ್ಕಿ ಇರುವ ಕಾರು, ಮಾವನ ಕನಸಿನದು, ಅವಳು ಕೂತಳು, ಕೂತಳು ಅನ್ನುವುದಕ್ಕಿಂತ ಮುಳುಗಿದಳು, ಏಳುವಾಗ ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು, ಬಾಗಿಲು, ಮುಂದಿನ ಸೀಟು, ಕೊನೆಗೆ ನನ್ನ ಅಂಗಿಯ ಕಾಲರು. ಎರಡನೆಯದು ಜೀಪಿನಂಥ ಎತ್ತರದ್ದು, ನನ್ನ ಕನಸಿನದು, ನಿಜ ಹೇಳಬೇಕೆಂದರೆ ಅದರ ಸ್ಟೇರಿಂಗ್ ಹಿಡಿದಾಗ ನಾನೇ ಯಾವುದೋ ಇಲಾಖೆಯ ದೊಡ್ಡ ಸಾಹೇಬನಂತೆ ಕೆಮ್ಮಿ ನೋಡಿದ್ದೆ, ಆದರೆ ಅವಳು ಒಂದು ಕಾಲು ಎತ್ತಿ ನಿಂತಳು, ಎತ್ತಿಯೇ ನಿಂತಳು, ಅದೇ ಬಲಗೈ ಮತ್ತೆ ಗಾಳಿಯಲ್ಲಿ. ಗಣೇಶ್ ಮೈಲೇಜು ಹೇಳುತ್ತಿದ್ದ, ಆರು ಏರ್‌ಬ್ಯಾಗು ಹೇಳುತ್ತಿದ್ದ, ಮೇಲೆ ತೆರೆದುಕೊಳ್ಳುವ ಗಾಜು ಹೇಳುತ್ತಿದ್ದ, ಮೇಲಿನದು ಬಿಡಿ ಸ್ವಾಮಿ, ಕೂರುವ ಜಾಗ ನೆಲದಿಂದ ಎಷ್ಟು ಎತ್ತರ ಹೇಳಿ ಅಂದೆ, ಅವನ ಪುಸ್ತಕದಲ್ಲಿ ಅದೊಂದೇ ಇರಲಿಲ್ಲ. ಹೊಸಮನೆ ಬಡಾವಣೆಯ ನಮ್ಮ ಹಳೆ ಮನೆಗೆ ಬಂದು ನೋಡಿದೆ, ಅವಳು ಯಾವುದರ ಮೇಲಿಂದ ಏನೂ ಹಿಡಿಯದೆ ಏಳುತ್ತಾಳೆ – ಸೋಫಾದಿಂದ ಇಲ್ಲ, ಪ್ಲಾಸ್ಟಿಕ್ ಕುರ್ಚಿಯಿಂದ ಇಲ್ಲ, ಮಂಚದಿಂದ, ಹಾಸಿಗೆ ಸೇರಿ ಇಪ್ಪತ್ತಮೂರು ಇಂಚು. ಟೈಲರ್ ಟೇಪು ಜೇಬಿಗೆ ಹಾಕಿಕೊಂಡು ಊರಿನ ಶೋರೂಮುಗಳನ್ನೆಲ್ಲ ಸುತ್ತಿದೆ, ಬಾಗಿಲು ತೆಗೆ, ಟೇಪು ಬಿಡು, ಮುಂದಿನದಕ್ಕೆ ನಡೆ, ಅಳಿಯ ಅಂದರೆ ಇನ್ನೇನು, ಅಳೆಯುವವನು, ಕೊನೆಗೆ ಸಿಕ್ಕಿದ್ದು ಗಣೇಶನ ಹತ್ತಿರವೇ, ಮೂಲೆಯಲ್ಲಿ ನಿಂತಿದ್ದ ಈ ಡಬ್ಬದಂಥ ಕಾರು, ಇಪ್ಪತ್ತಮೂರಕ್ಕೆ ಒಂದು ನೂಲು ಹೆಚ್ಚಿಲ್ಲ ಕಡಿಮೆಯಿಲ್ಲ, ಮಗುವಿನ ಸೀಟು ಸಿಕ್ಕಿಸುವ ಕೊಂಡಿಗಳೂ ಹಿಂದುಗಡೆ ಇವೆ, ಕೈ ಹಾಕಿ ಎಳೆದು ನೋಡಿದೆ, ಗಟ್ಟಿ. ನನಗೆ ಆಗಲೇ ಗೊತ್ತಾಯಿತು, ಇದೇ, ಇನ್ನು ಮಾತಿಲ್ಲ.

ಮಾತಿತ್ತು, ಮಾವನದು. ಫೋಟೋ ನೋಡಿ, ಇದೇನು ಅಳಿಯಂದ್ರೆ, ಬ್ರೆಡ್ಡಿನ ಡಬ್ಬಕ್ಕೆ ಚಕ್ರ ಹಾಕ್ದಂಗಿದೆ, ಡಿಕ್ಕಿ ಎಲ್ಲಿ ಅಂದರು, ಡಿಕ್ಕಿ ಬೇಡ ಅಂತಲೇ ನಿಧಾನ ಓಡಿಸ್ತೀನಿ ಮಾವ ಅಂದೆ, ನಗಲಿಲ್ಲ. ಅವರು ನಗುವುದೇ ಇಲ್ಲ. ನನ್ನ ಮಿಮಿಕ್ರಿಗೆ ಇಡೀ ಕಾಲೇಜು ಬಿದ್ದು ಬಿದ್ದು ನಗುತ್ತದೆ, ಪ್ರಿನ್ಸಿಪಾಲರು ಕೂಡ ಪ್ರಿನ್ಸಿಪಾಲರ ದನಿಗೆ ನಗುತ್ತಾರೆ, ಮಾವ ಮಾತ್ರ ಕೊನೆಯವರೆಗೂ ಕೇಳಿ, ಚೆನ್ನಾಗಿತ್ತು ಅಳಿಯಂದ್ರೆ, ಊಟಕ್ಕೇಳಿ ಅನ್ನುತ್ತಾರೆ. ಬಾಣಂತಿ ಸಾಮಾನು, ತೊಟ್ಟಿಲು, ಹಂಡೆ, ಇದೆಲ್ಲ ಎಲ್ಲಿಡ್ತೀರಿ, ಡಿಕ್ಕಿ ಇಲ್ದಿರೋ ಕಾರಿನ ಮುಂದೆ ನಾನು ಕಾಯಿ ಒಡಿಯಲ್ಲ ಅಂದರು, ಮೂವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ಹಾಳೆಯನ್ನು ಹೆಬ್ಬೆರಳಲ್ಲಿ ಉಜ್ಜಿ ಇದು ಆಗಲ್ಲ ಅಂದರೆ ಆಗಲ್ಲ ಎಂದು ಬದುಕಿದ ಪುಟ್ಟಯ್ಯನವರು, ಅವರ ಮನಸ್ಸು ಬದಲಿಸಬಲ್ಲ ಮನುಷ್ಯ ಭೂಮಿಯ ಮೇಲೆ ಒಬ್ಬರೇ, ಅವರ ಶಿಫ್ಟಿನ ಇನ್‌ಚಾರ್ಜ್ ಆಗಿದ್ದ ಚೌಡಪ್ಪ. ರಿಟೈರಾಗಿ ಎಷ್ಟು ವರ್ಷವಾದರೂ ಚೌಡಪ್ಪ ಸಾರ್ ಫೋನ್ ಬಂದರೆ ಅಪ್ಪ ಎದ್ದು ನಿಂತೇ ಮಾತಾಡೋದು ಎಂದು ಲಿಖಿತಾ ನಗುತ್ತಾ ಹೇಳಿದ್ದಳು, ಹೇಳಬಾರದಿತ್ತು, ನನ್ನಂಥವನ ಕಿವಿಗೆ ಅಂಥದ್ದು ಹಾಕಬಾರದು. ಚೌಡಪ್ಪನವರ ದನಿ ನನಗೆ ನಮ್ಮ ಮದುವೆಯಲ್ಲೇ ಸಿಕ್ಕಿಬಿಟ್ಟಿತ್ತು, ಮೂಗಿನ ಬುಡದಿಂದ ಹೊರಡುವ ದನಿ, ಮೂರು ಮಾತಿಗೊಮ್ಮೆ ಅರ್ಥ ಆಯ್ತಾ. ಸೋಮವಾರ ಸಂಜೆ ಐದೂವರೆಗೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿ ಲೋಹಿತನ ಫೋನು ಇಸಿದುಕೊಂಡು, ಕರ್ಚೀಫು ಅಡ್ಡ ಹಿಡಿದು, ಏನಯ್ಯಾ ಪುಟ್ಟಯ್ಯ, ಹೊಸ ನಂಬರು, ಬರ್ಕೋ, ಅಳಿಯ ಯಾವ್ದೋ ಕಾರು ನೋಡಿದಾನಂತೆ, ಕಾರು ತಗೊಳ್ಳೋದು ಹಂಡೆ ಕೂರೋಕಲ್ಲ, ಮಗಳು ಕೂರೋಕೆ, ಅರ್ಥ ಆಯ್ತಾ, ಹೋಗಿ ಕಾಯಿ ಒಡಿ. ಆ ಕಡೆ ಕುರ್ಚಿ ಸರಿದ ಸದ್ದು, ಎದ್ದು ನಿಂತಿದ್ದರು, ಆಯ್ತು ಸಾರ್ ಅಂದರು. ಲೋಹಿತ್ ನಗು ತಡೆಯಲಾಗದೆ ಉತ್ತರಪತ್ರಿಕೆಯ ಕಟ್ಟನ್ನು ಬಾಯಿಗೆ ಒತ್ತಿಕೊಂಡಿದ್ದ. ನಾಚಿಕೆಯಾಯಿತೇ ನನಗೆ? ಸ್ವಲ್ಪ. ಆದರೆ ಹೇಳಿದ ಮಾತಿನಲ್ಲಿ ಸುಳ್ಳೆಲ್ಲಿತ್ತು, ದನಿ ಒಂದು ಸಾಲ ತಂದದ್ದು, ಮಾತು ನನ್ನದೇ, ಮಾವನ ಮುಂದೆ ನನ್ನ ದನಿಯಲ್ಲೇ ಹೇಳಿದ್ದರೆ ಊಟಕ್ಕೇಳಿ ಅನ್ನುತ್ತಿದ್ದರು.

ಕೈ ಇನ್ನೂ ಮೇಲೇ ಇದೆ. ಬಿಸಿಲು ಅವರ ಬೋಳುತಲೆಯ ಮೇಲೆ, ಕಾಯಿಯ ಜುಟ್ಟಿನ ಮೇಲೆ, ಅತ್ತೆಯ ಆರತಿ ತಟ್ಟೆಯಲ್ಲಿ ಕರ್ಪೂರ ಕರಗುತ್ತಿದೆ, ಗಣೇಶ್ ಫೋಟೋಕ್ಕೆಂದು ಮೊಬೈಲು ಹಿಡಿದು ಹಿಡಿದು ತೋಳು ಬದಲಿಸಿದ, ಲಿಖಿತಾ ಸೊಂಟಕ್ಕೆ ಕೈಕೊಟ್ಟು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸಿದಳು, ಅವಳಿಗೆ ನಿಲ್ಲಲಾಗುತ್ತಿಲ್ಲ, ಬೇಗ ಮಾವ, ಆಮೇಲೆ ಬೇಕಾದರೆ ನನ್ನ ತಲೆಯ ಮೇಲೆ ಇನ್ನೊಂದು ಒಡೆಯಿರಿ. ಗೊತ್ತಾಗಿಬಿಟ್ಟಿದೆಯೇ, ಇಲ್ಲ, ಗೊತ್ತಾಗಿದ್ದರೆ ಬರುತ್ತಲೇ ಇರಲಿಲ್ಲ, ಬಂದಿದ್ದಾರೆ, ಮಡಿ ಪಂಚೆ ಉಟ್ಟು ಬಂದಿದ್ದಾರೆ, ಈಗ ಕಾಯಿ ಕೆಳಗಿಟ್ಟು ನಡೆದುಬಿಟ್ಟರೆ ಅವರ ಹಿಂದೆಯೇ ಲಿಖಿತಾ ಬಸ್‌ಸ್ಟ್ಯಾಂಡಿಗೆ, ಸರಳು, ಹಂಪು, ಆ ಮುಖ – ಏನಯ್ಯಾ ಪುಟ್ಟಯ್ಯ. ಯಾರು? ನಾನು ಬಾಯಿ ತೆರೆದಿಲ್ಲ. ಕಾರು ತಗೊಳ್ಳೋದು ಹಂಡೆ ಕೂರೋಕಲ್ಲ, ಅರ್ಥ ಆಯ್ತಾ. ಮೂಗಿನ ಬುಡದಿಂದಲೇ, ಕರ್ಚೀಫು ಅಡ್ಡ ಹಿಡಿದಂಥ ದನಿಯಲ್ಲೇ, ಮಾವ ಹೇಳುತ್ತಿದ್ದಾರೆ, ಕಾಯಿ ಎತ್ತಿದ ಕೈ ಎತ್ತಿದ ಹಾಗೇ, ಚೌಡಪ್ಪನನ್ನಲ್ಲ, ಚೌಡಪ್ಪನಾದ ನನ್ನನ್ನು ಮಾಡಿ ತೋರಿಸುತ್ತಿದ್ದಾರೆ. ಅಳಿಯಂದ್ರೆ, ನೀವು ಫೋನ್ ಮಾಡ್ದಾಗ ಚೌಡಪ್ಪ ಸಾರ್ ನನ್ನ ಪಕ್ಕದಲ್ಲೇ ಕೂತಿದ್ರು, ಕಡ್ಲೆಕಾಯಿ ಬಿಡಿಸ್ತಾ. ದಿನಾ ಐದೂವರೆಗೆ ಕೂತ್ಕೋತೀವಿ, ರಿಟೈರಾದವರೆಲ್ಲ. ಸ್ಪೀಕರ್ ಹಾಕ್ದೆ. ಪೂರ್ತಿ ಕೇಳಿಸ್ಕೊಂಡು ಅವರೇ ಪಿಸುಗುಟ್ಟಿದ್ರು, ಪುಟ್ಟಯ್ಯ, ಇವನು ನನಗಿಂತ ಚೆನ್ನಾಗಿ ನಾನಾಗವ್ನೆ, ಹೇಳೋದೂ ಸರಿಯಾಗೇ ಇದೆ, ಎದ್ದು ನಿಂತ್ಕೊಂಡು ಆಯ್ತು ಸಾರ್ ಅನ್ನು ಅಂತ. ಲಿಖಿತಾ ಮೊದಲು ಬಾಯಿಗೆ ಸೆರಗು ಒತ್ತಿದಳು, ಆಮೇಲೆ ಒತ್ತಿ ಪ್ರಯೋಜನವಿಲ್ಲವೆಂದು ಬಿಟ್ಟಳು, ಹೊಟ್ಟೆ ಹಿಡಿದು ನಗುತ್ತಾ ಬಾಗಿಲು ತೆರೆದು, ಹಿಂದಕ್ಕೆ ತಿರುಗಿ, ಸುಮ್ಮನೆ ಕೂತಳು, ಕೈ ಎಲ್ಲಿಗೂ ಹೋಗಲಿಲ್ಲ, ಏನನ್ನೂ ಹುಡುಕಲಿಲ್ಲ. ಕಾಯಿ ಒಡಿಯೋಕೆ ಮುಂಚೆ ಕೂತ್ಯಲ್ಲೇ ಅಂದರು ಅತ್ತೆ, ಬೀಳ್ತಿದ್ದೆ ಕಣಮ್ಮ, ನಗು ಅಂದಳು ಅವಳು. ಮಾವ ಅದನ್ನು ನೋಡಿದರು, ಮಗಳು ಕೂತದ್ದನ್ನು, ಎರಡೂ ಕೈ ಮಡಿಲಲ್ಲಿ ಇದ್ದದ್ದನ್ನು, ನೋಡಿ ಮುಖ ಒಂದು ಕಡೆಯಿಂದ ಸಡಿಲಾಯಿತು, ಮತ್ತೊಂದು ಕಡೆಯಿಂದ, ಆಮೇಲೆ ಶೋರೂಮಿನ ಗಾಜು ನಡುಗುವ ಹಾಗೆ, ಒಳಗಿದ್ದವರು ಏನಾಯಿತೆಂದು ಓಡಿ ಬರುವ ಹಾಗೆ, ಅವರು, ನನ್ನ ಮಾವ, ಪುಟ್ಟಯ್ಯನವರು ನಗುತ್ತಿದ್ದಾರೆ, ಕಣ್ಣಲ್ಲಿ ನೀರು, ಒಡೀರಿ ಮಾವ ಅಂದೆ, ನನ್ನದೇ ದನಿಯಲ್ಲಿ, ಅದು ಎಷ್ಟು ಸಣ್ಣಗೆ ಬಂತು. ತಡಿ ಮಾರಾಯ, ಒಡೀತೀನಿ, ನಗು ನಿಲ್ಲಲಿ ಅಂದರು. ಅಳಿಯಂದ್ರೆ ಅಲ್ಲ. ಮಾರಾಯ. ನಗು ನಿಲ್ಲುತ್ತಿಲ್ಲ, ಕೈ ಇಳಿಯುತ್ತಿಲ್ಲ, ಬಿಸಿಲಿನಲ್ಲಿ ಕಾಯಿ ನಡುಗುತ್ತಿದೆ, ಒಳಗೆ ನೀರು ಕುಲುಕುವುದು ಇಲ್ಲಿಗೆ ಕೇಳುತ್ತಿದೆ, ಕುಲುಕುತ್ತಿದೆ, ಮೇಲೆತ್ತಿದ ಆ ಕೈ, ಆ ಕಾಯಿ, ಒಳಗಿನ ನೀರು –